ಎತ್ತಿಗೂ ಕರೆಂಟಿಗೂ ಏನ್ ಸಂಬಂಧ?

ಇವತ್ತು ಸ್ಟುಡಿಯೋದಲ್ಲಿ ಇಲ್ಲ, ಊರಿಗೆ ಬಂದಿದ್ದೀನಿ, ಯಮಕನಮರಡಿಗೆ. ಹಿಂದೆ ಗುಂಯ್ ಅಂತ ಒಂದು ಸದ್ದು ಕೇಳಿಸ್ತಾ ಇದ್ರೆ ಅದು ನಿಮ್ಮ ಇಯರ್‌ಫೋನ್ ತಪ್ಪಲ್ಲ, ಪುಣೆ–ಬೆಂಗಳೂರು ಹೈವೇ. ಬೆಳಗಾವಿಯಿಂದ ಸಂಕೇಶ್ವರದ ಕಡೆ ಹೋಗೋರು ನಮ್ಮೂರಿನ ಬೋರ್ಡ್ ನೋಡಿರ್ತೀರಿ, ಇಳಿದಿರೋದು ಕಡಿಮೆ.

ಹೋದ ವಾರ ರಾತ್ರಿ ಎರಡು ಗಂಟೆಗೆ ನಮ್ಮ ಎಚ್‌ಎಫ್ ಆಕಳು ಕರ ಹಾಕಿತು. ಎಚ್‌ಎಫ್ ಅಂದ್ರೆ ಹೋಲ್‌ಸ್ಟೀನ್ ಫ್ರೀಸಿಯನ್, ಕಪ್ಪು ಬಿಳುಪು ಮಚ್ಚೆಯ ಹಾಲಿನ ಆಕಳು. ನಮ್ಮದು ಪೂರ್ತಿ ಎಚ್‌ಎಫ್ ಅಲ್ಲ, ಕ್ರಾಸ್. ನಾನು ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದೆ. ಅಪ್ಪ ಕರವನ್ನ ಒರೆಸಿ, ಹಿಂಗಾಲು ಎತ್ತಿ ನೋಡಿ, ಮತ್ತೆ ಒರೆಸೋಕೆ ಶುರು ಮಾಡಿದ. ಏನೂ ಮಾತಾಡಲಿಲ್ಲ. ನಾನೇ ಕೇಳಿದೆ, ‘ಏನಪ್ಪಾ?’

‘ಹೋರಿಗರ.’

ಅಷ್ಟೇ. ಇದು ಆ ಆಕಳಿಗೆ ಮೂರನೇ ಕರ, ಮೂರೂ ಗಂಡು.

ನಮ್ಮ ಅಜ್ಜನ ಕಾಲದಲ್ಲಿ ಇದೇ ಮನೆಯಲ್ಲಿ ಹೋರಿಗರ ಹುಟ್ಟಿದ್ರೆ ಓಣಿಯವರು ನೋಡೋಕೆ ಬರ್ತಿದ್ರಂತೆ. ಹಣೆ ಹೇಗಿದೆ, ಕೋಡು ಯಾವ ಕಡೆ ಬಾಗತ್ತೆ, ಕಾಲು ನೆಟ್ಟಗಿದೆಯಾ ಅಂತ. ಜೋಡಿ ಸಿಕ್ಕರೆ ಅರ್ಧ ಹೊಲ ಕೊಂಡಷ್ಟು ಖುಷಿ. ಅದೇ ಮನೆ, ಅದೇ ಕೊಟ್ಟಿಗೆ. ಎರಡು ತಲೆಮಾರಿನಲ್ಲಿ ಗಂಡು ಕರ ಸಂಭ್ರಮದಿಂದ ಖರ್ಚಿನ ಬಾಬ್ತು ಆಗಿಬಿಟ್ಟಿದೆ. ಯಾಕೆ ಹೀಗಾಯ್ತು? ಅಪ್ಪ ಹೇಳೋ ಉತ್ತರ ‘ಟ್ರ್ಯಾಕ್ಟರ್’. ಅದು ಅರ್ಧ ಉತ್ತರ. ಇನ್ನರ್ಧ ಕರೆಂಟಿನಲ್ಲಿದೆ ಅನ್ನೋದು ನನ್ನ ವಾದ. ಅದರಲ್ಲೂ ನಮ್ಮ ಹುಕ್ಕೇರಿ ತಾಲೂಕಿನ ಕರೆಂಟಿನ ಕತೆ ಸ್ವಲ್ಪ ಬೇರೆ.

ಮೊದಲು ಎತ್ತನ್ನ ಎತ್ತು ಅಂತ ನೋಡೋದು ಬಿಡಿ, ಮಷೀನ್ ಅಂತ ನೋಡಿ. ಒಂದು ಒಳ್ಳೆ ಜೋಡಿ ಎತ್ತು ತಾಸುಗಟ್ಟಲೆ ದುಡಿಯುವಾಗ ಹೆಚ್ಚುಕಡಿಮೆ ಒಂದು ಎಚ್‌ಪಿ ಶಕ್ತಿ ಕೊಡುತ್ತೆ, ಅಂದ್ರೆ ಸುಮಾರು 750 ವ್ಯಾಟ್. ನಿಮ್ಮ ಮನೆ ಮಿಕ್ಸರ್ ಬೋರ್ಡಿನ ಮೇಲೂ ಅದೇ ನಂಬರ್ ಇರಬಹುದು, ನೋಡಿ. ಆದರೆ ಈ ಮಷೀನ್ ಜೋಳದ ಕಣಕಿ, ಕಬ್ಬಿನ ಸೋಗೆ ತಿಂದು ಓಡುತ್ತೆ. ಮನುಷ್ಯರು ತಿನ್ನಲಾಗದ್ದನ್ನ ತಿಂದು ಹೊಲ ಉಳುತ್ತೆ, ಗಾಡಿ ಎಳೆಯುತ್ತೆ, ಬಾವಿಯಿಂದ ನೀರು ಎತ್ತುತ್ತೆ. ಮೈಸೂರು ಕಡೆಯವರು ಕಪಿಲೆ ಅಂತಾರಲ್ಲ, ದೊಡ್ಡ ತೊಗಲಿನ ಚೀಲ ಬಾವಿಗೆ ಇಳಿಬಿಟ್ಟು ಎತ್ತು ಹೊಡೆದು ನೀರು ಎತ್ತೋದು, ಅದು. ನಮ್ಮ ಹಳೇ ಬಾವಿಯ ದಂಡೆಯಲ್ಲಿ ಎತ್ತು ಇಳಿಯುತ್ತಿದ್ದ ಇಳಿಜಾರು ಈಗಲೂ ಇದೆ. ಚಿಕ್ಕವನಿದ್ದಾಗ ಅಲ್ಲಿ ಸೈಕಲ್ ಬಿಡುತ್ತಿದ್ದೆ, ಅದು ಯಾಕಿದೆ ಅಂತ ಗೊತ್ತಿರಲಿಲ್ಲ.

ಈ ಮಷೀನಿಗೆ ಮಾಡೆಲ್‌ಗಳೂ ಇದ್ದವು. ನಮ್ಮ ಭಾಗದಲ್ಲಿ ಎರಡು ಹೆಸರು ಕೇಳ್ತೀರಿ. ಒಂದು ಖಿಲಾರಿ: ಬಿಳಿ ಮೈ, ಉದ್ದ ಕೋಡು, ಸಿಟ್ಟು ಜಾಸ್ತಿ, ಓಟಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು ಕೃಷ್ಣಾ ವ್ಯಾಲಿ, ಕೃಷ್ಣಾ ಕಣಿವೆಯ ತಳಿ. ದೊಡ್ಡ ದೇಹ, ನಿಧಾನದ ನಡಿಗೆ, ಅಂಟು ಎರೆಮಣ್ಣಿನಲ್ಲಿ ಇಡೀ ದಿನ ಭಾರ ಎಳೆಯೋ ತಾಕತ್ತು. ಇದು ತಾನಾಗಿ ಬಂದ ತಳಿ ಅಲ್ಲ, ಮಾಡಿದ ತಳಿ. 19ನೇ ಶತಮಾನದ ಕೊನೆಯಲ್ಲಿ ಸಾಂಗಲಿ ಕಡೆಯ ದಕ್ಷಿಣ ಮರಾಠಾ ಸಂಸ್ಥಾನಗಳ ರಾಜರು ಗುಜರಾತಿನ ಗೀರ್, ಕಾಂಕ್ರೇಜ್, ಆಂಧ್ರದ ಓಂಗೋಲ್, ಜೊತೆಗೆ ಮೈಸೂರು ಕಡೆಯ ದನ ಎಲ್ಲ ಸೇರಿಸಿ, ನಮ್ಮ ಕಪ್ಪು ಮಣ್ಣಿಗೆ ಅಂತಲೇ ಬೆಳೆಸಿದ್ದು. ಅನ್ವಯಿಕ ಸಂಶೋಧನೆ ಅಂತ ಈಗ ಯೂನಿವರ್ಸಿಟಿಗಳು ಹೇಳ್ತಾವಲ್ಲ, ಅದೇ ಕೆಲಸ, ಲ್ಯಾಬ್ ಇರಲಿಲ್ಲ ಅಷ್ಟೇ. ಪ್ರಶ್ನೆ ಸ್ಪಷ್ಟವಾಗಿತ್ತು: ಈ ಮಣ್ಣನ್ನ ಎಳೆಯೋ ಎಂಜಿನ್ ಬೇಕು. ಹಾಲು ಆಮೇಲಿನ ಮಾತು.

ಅಮೆರಿಕದಲ್ಲಿ ಬ್ರಾಹ್ಮನ್ ಅಂತ ಪ್ರಸಿದ್ಧ ತಳಿ ಇದೆ, ಭಾರತದಿಂದ ಹೋದ ದನಗಳಿಂದ ಬೆಳೆಸಿದ್ದು. ಅದರಲ್ಲಿ ಈ ಕೃಷ್ಣಾ ವ್ಯಾಲಿಯ ರಕ್ತವೂ ಸ್ವಲ್ಪ ಇದೆ ಅಂತಾರೆ. ಟೆಕ್ಸಾಸಿಗೆ ಹೋಗಿಬಂದ ನಮ್ಮೂರ ಎತ್ತು! ಇಲ್ಲಿ ಮಾತ್ರ ಈಗ ಒಂದು ಅಸಲಿ ಜೋಡಿ ನೋಡಬೇಕು ಅಂದ್ರೆ ಊರೂರು ಕೇಳಿಕೊಂಡು ಹೋಗಬೇಕು.

ಈಗ ಕರೆಂಟಿಗೆ ಬರೋಣ.

ನೀರಿನ ಶಕ್ತಿಯ ವಿಷಯದಲ್ಲಿ ನಮ್ಮ ಭಾಗ ಹಿಂದೆ ಬಿದ್ದಿದ್ದಲ್ಲ. ಇಲ್ಲಿಂದ ಸ್ವಲ್ಪ ದೂರದಲ್ಲೇ ಗೋಕಾಕ ಫಾಲ್ಸ್. ಅಲ್ಲಿಯ ಹತ್ತಿ ಗಿರಣಿ 1887ರಿಂದ ಘಟಪ್ರಭೆಯ ನೀರಿನ ಬಲದಿಂದ ನಡೆದದ್ದು. ಈ ಕಡೆ ಹಿಡಕಲ್ ಡ್ಯಾಮ್, ರಾಜಾ ಲಖಮಗೌಡ ಜಲಾಶಯ, 51 ಟಿಎಂಸಿ. ಅಲ್ಲೂ ಪವರ್ ಹೌಸ್ ಇದೆ, 32 ಮೆಗಾವ್ಯಾಟ್. ಆದರೆ ಶಕ್ತಿ ಹುಟ್ಟೋದು ಬೇರೆ, ಹೊಲದ ಬಾವಿಗೆ ಬರೋದು ಬೇರೆ. ನೂರು ವರ್ಷದ ಹಿಂದೆ ಗೋಕಾಕಿನ ಗಿರಣಿ ಗರಗರ ತಿರುಗುವಾಗ ಹತ್ತಿರದ ಹಳ್ಳಿಯಲ್ಲಿ ನೀರು ಎತ್ತುತ್ತಿದ್ದದ್ದು ಎತ್ತೇ.

ಅದು ಬದಲಾಗಿದ್ದು 1969ರಿಂದ. ಆ ವರ್ಷ ದೆಹಲಿಯಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಶುರುವಾಯ್ತು. ಹಳ್ಳಿಗೆ ಕರೆಂಟ್ ಮುಟ್ಟಿಸೋದು ಹೇಗೆ ಅಂತ ದೇಶದಲ್ಲಿ ಐದು ಕಡೆ ಒಂದು ಪ್ರಯೋಗ ಮಾಡಿದ್ರು. ಅಮೆರಿಕದ ರೈತರು ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡು ಕರೆಂಟ್ ಹಂಚಿಕೊಂಡಿದ್ರು, ಆ ಮಾದರಿ. ತೆಲಂಗಾಣದ ಸಿರ್ಸಿಲ್ಲ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದಲ್ಲಿ ಲಖನೌ, ಕರ್ನಾಟಕದಲ್ಲಿ ಹುಕ್ಕೇರಿ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು ಹಾಗೆ. ಬೆಂಗಳೂರಿನ ಗೆಳೆಯರಿಗೆ ಇದನ್ನ ಹೇಳಿದ್ರೆ ನಂಬೋದಿಲ್ಲ. ಅವರಿಗೆ ಬೆಸ್ಕಾಂ, ಧಾರವಾಡದವರಿಗೆ ಹೆಸ್ಕಾಂ, ನಮಗೆ ‘ಸೊಸೈಟಿ’. ಹಾಲಿಗೆ ಡೇರಿ ಇದ್ದಂಗೆ ಕರೆಂಟಿಗೂ ಸೊಸೈಟಿ, ಅದಕ್ಕೂ ಸದಸ್ಯರು, ಅದಕ್ಕೂ ಚುನಾವಣೆ. ಚುನಾವಣೆ ಬಂದ್ರೆ ಎಂಎಲ್‌ಎ ಇಲೆಕ್ಷನ್‌ಗಿಂತ ಜೋರು ಗದ್ದಲ, ಅದು ಬೇರೆ ಮಾತು. ಮುಳಾ-ಪ್ರವರಾದ ಲೈನು ಕಂಬ ಎಲ್ಲ 2011ರಲ್ಲಿ ಮಹಾರಾಷ್ಟ್ರ ಸರಕಾರದ ಕಂಪನಿಗೆ ಹೋಯ್ತು. ನಮ್ಮದು ಇನ್ನೂ ನಡೀತಿದೆ.

ಕಂಬ ಬಂತು, ಪಂಪ್‌ಸೆಟ್ ಬಂತು. ಈಗ ಲೆಕ್ಕ ಹಾಕಿ. 5 ಎಚ್‌ಪಿ ಮೋಟರ್ ಒಂದು ಅಂದ್ರೆ ಐದು ಜೋಡಿ, ಹತ್ತು ಎತ್ತು. ಹತ್ತು ಎತ್ತು ಸಾಕೋ ತಾಕತ್ತು ನಮ್ಮ ಅಜ್ಜನಿಗೆ ಮಾತ್ರ ಅಲ್ಲ, ಊರಲ್ಲಿ ಯಾರಿಗೂ ಇರಲಿಲ್ಲ ಅನ್ಸುತ್ತೆ. ಬಟನ್ ಒತ್ತಿದರೆ ಹತ್ತು ಎತ್ತು ಎದ್ದು ನಿಲ್ತಾವೆ, ಮೇವು ಕೇಳಲ್ಲ, ಮುಂಜಾನೆ ಹೆಂಡಿ ಹಾಕಲ್ಲ. ಯಾರು ತಾನೇ ಬೇಡ ಅಂತಾರೆ? ನೀರು ಬಂತು, ಕಬ್ಬು ಬಂತು, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗೆ ಗಾಡಿಗಟ್ಟಲೆ ಕಬ್ಬು ಹೋಯ್ತು. ಎಷ್ಟೋ ವರ್ಷ ಆ ಗಾಡಿಗಳನ್ನ ಎತ್ತೇ ಎಳೆದವು. ಆಮೇಲೆ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಬಂದು, ಸ್ಪೀಕರ್ ಕಟ್ಟಿಕೊಂಡು, ರಾತ್ರಿಯೆಲ್ಲ ಡಿಜೆ ಹಾಕಿಕೊಂಡು ಆ ಕೆಲಸವನ್ನೂ ತಗೊಂಡವು. ಬಾವಿಯ ಕೆಲಸ ಮೊದಲು ಹೋಯ್ತು, ಹೊಲದ್ದು ಆಮೇಲೆ, ರಸ್ತೆಯದ್ದು ಕೊನೆಗೆ.

ಇಲ್ಲೊಂದು ಮಾತು ಹೇಳಲೇಬೇಕು. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ. ಎಂಬಿಎ ಕಲಿಸೋ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿಯ ಮೇಲೆ ಸಂಶೋಧನೆ ಮಾಡ್ತಿದ್ರು! ನೊಗ ಎತ್ತಿನ ಹೆಗಲಿಗೆ ಹೇಗೆ ಒತ್ತುತ್ತೆ, ಗಾಲಿ ಹೇಗಿದ್ರೆ ಎತ್ತಿಗೆ ಭಾರ ಕಡಿಮೆ, ದೇಶದ ಎತ್ತುಗಳೆಲ್ಲ ಸೇರಿ ಎಷ್ಟು ಶಕ್ತಿ ಕೊಡ್ತಾವೆ ಅಂತ. ಜನ ನಕ್ಕಿರಬೇಕು. ಆದರೆ 1981ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಹೊಸ ಮತ್ತು ನವೀಕರಿಸಬಹುದಾದ ಇಂಧನಗಳ ಸಮ್ಮೇಳನ ನಡೆದಾಗ ಇಂದಿರಾ ಗಾಂಧಿ ಅಲ್ಲಿ ಹೇಳಿದ್ದರ ತಾತ್ಪರ್ಯ ಇದೇ: ನಮ್ಮ ದೇಶದ ವಿದ್ಯುತ್ ಸ್ಥಾವರಗಳೆಲ್ಲ ಸೇರಿ ಕೊಡೋದಕ್ಕಿಂತ ಹೆಚ್ಚಿನ ಶಕ್ತಿ ದುಡಿಯೋ ಪ್ರಾಣಿಗಳಿಂದ ಬರ್ತಿದೆ. ಕ್ಲೀನ್ ಎನರ್ಜಿ ಅಂದ ಕೂಡಲೇ ನಮಗೆ ಪಾವಗಡದ ಸೋಲಾರ್ ಪ್ಯಾನಲ್ ಕಣ್ಣಿಗೆ ಬರುತ್ತೆ. ನಲವತ್ತು ವರ್ಷದ ಹಿಂದೆ ಆ ಪಟ್ಟಿಯಲ್ಲಿ ಬಸವಣ್ಣನೂ ಇದ್ದ.

ಸರಿ, ಎತ್ತಿನ ಕೆಲಸ ಹೋಯ್ತು. ಹಾಗಾದರೆ ಆಕಳಿಂದ ನಮಗೇನು ಬೇಕು? ಹಾಲು. ತಳಿ ಸಂಶೋಧನೆಯೂ ಆ ಕಡೆ ತಿರುಗಿತು. ಇಲ್ಲಿ ಮೈಸೂರಿನ ಒಂದು ಸಂಗತಿ ಇದೆ, ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಿತ್ತು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ಮಾಡಿದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೇರಿ ಫಾರ್ಮಿನಲ್ಲಿ. ಮಾಡಿದವರು ಸಂಪತ್ ಕುಮಾರನ್. ಹಳ್ಳಿಕಾರ್ ಆಕಳುಗಳಿಗೆ ಎಚ್‌ಎಫ್ ಹೋರಿಯ ವೀರ್ಯ ಕೊಟ್ಟು, 33 ಆಕಳು ಗಬ್ಬ ಆದವು. ಇವತ್ತು ನಮ್ಮ ಕೊಟ್ಟಿಗೆಯಲ್ಲಿ ಮಚ್ಚೆ ಮೈಯ ಆಕಳು ನಿಂತಿದೆ ಅಂದ್ರೆ ಅದರ ದಾರಿ ಅಲ್ಲಿಂದ ಶುರು.

ಈಗ ನಮ್ಮ ಕಡೆ ಯಾರೂ ಕೃತಕ ಗರ್ಭಧಾರಣೆ ಅನ್ನಲ್ಲ. ‘ಇಂಜೆಕ್ಷನ್ ಮಾಡಿಸೋದು’ ಅಂತಾರೆ. ನಮ್ಮ ಮನೆಗೆ ಬರೋ ಇಂಜೆಕ್ಷನ್‌ನವನು ನನ್ನ ಪ್ರಾಥಮಿಕ ಶಾಲೆಯ ಗೆಳೆಯ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳಲ್ಲ. ಮುಂಜಾನೆ ಮದರಸಾದಲ್ಲಿ ಅರಬ್ಬಿ ಓದಿ, ತಲೆ ಮೇಲಿನ ಟೋಪಿ ಚೀಲಕ್ಕೆ ಹಾಕಿಕೊಂಡು, ಹತ್ತು ಗಂಟೆಗೆ ನಮ್ಮ ಜೊತೆ ಕನ್ನಡ ಶಾಲೆಗೆ ಬರ್ತಿದ್ದ. ನಮಗಿಂತ ಎರಡು ತಾಸು ಮೊದಲೇ ಅವನ ದಿನ ಶುರುವಾಗಿರ್ತಿತ್ತು, ಹೋಮ್‌ವರ್ಕೂ ಎರಡು. ಅವನ ಕಾಕಾ ಸಂತೆಯಲ್ಲಿ ದನದ ವ್ಯಾಪಾರ ಮಾಡೋರು. ಹಲ್ಲು ನೋಡಿ ವಯಸ್ಸು ಹೇಳೋರು, ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮಾತಾಡೋರು. ಇವನೂ ಅದೇ ಕಸುಬಿಗೆ ಹೋಗಬೇಕಿತ್ತು, ಕಸುಬೇ ಉಳಿಯಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಈಗ ಗರ್ಭಧಾರಣೆಯ ಟ್ರೈನಿಂಗ್ ತಗೊಂಡು ಬೈಕಿನ ಹಿಂದೆ ಕ್ಯಾನ್ ಕಟ್ಟಿಕೊಂಡು ಊರೂರು ಸುತ್ತುತ್ತಾನೆ.

ಆ ಕ್ಯಾನಿನಲ್ಲಿ ದ್ರವ ಸಾರಜನಕ, ಮೈನಸ್ 196 ಡಿಗ್ರಿ ಸೆಲ್ಸಿಯಸ್. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗೆ ಜ್ಯೂಸ್ ಸ್ಟ್ರಾದಂಥ, ಅದಕ್ಕಿಂತ ಬಹಳ ಸಣ್ಣ ಕಡ್ಡಿಗಳು. ಒಂದೊಂದರಲ್ಲಿ ಕಾಲು ಮಿಲಿಲೀಟರ್ ವೀರ್ಯ, ಅಷ್ಟರಲ್ಲಿ ಸುಮಾರು 2 ಕೋಟಿ ವೀರ್ಯಾಣು. ಆಕಳು ಮುಂಜಾನೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಮುಂಜಾನೆ. ಇದು ಅವನ ಟೈಮ್‌ಟೇಬಲ್. ಕಡ್ಡಿಯನ್ನ 37 ಡಿಗ್ರಿ ಬಿಸಿನೀರಲ್ಲಿ ಅರ್ಧ ನಿಮಿಷ ಹಿಡಿದು, ಒರೆಸಿ, ತುಂಬಿಕೊಳ್ಳುತ್ತಾನೆ. ಅವನದೊಂದು ನಿಯಮ ಇದೆ, ಕೆಲಸಕ್ಕೆ ಮೊದಲು ಆಕಳಿಗೆ ನೀರು ಕುಡಿಸಿದ್ದೀರಾ ಅಂತ ಕೇಳ್ತಾನೆ. ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದಾ ಅಂದೆ. ‘ಇಲ್ಲೋ, ಮದರಸಾದಾಗ ಉಸ್ತಾದರು ಕತಿ ಹೇಳ್ತಿದ್ರು, ನೀರಡಿಸಿದ ನಾಯಿಗೆ ನೀರು ಕುಡಿಸಿದವಗ ಅಲ್ಲಾ ಎಲ್ಲಾ ತಪ್ಪು ಮಾಫ್ ಮಾಡಿದ ಅಂತ. ಅದು ತಲ್ಯಾಗ ಕುಂತುಬಿಟ್ಟೈತಿ’ ಅಂದ.

ಮೂರನೇ ಹೋರಿಗರ ಹುಟ್ಟಿದ ಸುದ್ದಿ ಕೇಳಿ ಅವನೇ ಬಂದ. ‘ಕಾಕಾ, ಮುಂದಿನ ಸಲ ಹೆಣ್ಣಿನ ಕಡ್ಡಿ ಹಾಕೂಣು’ ಅಂದ. ಹೆಣ್ಣಿನ ಕಡ್ಡಿ ಅಂದ್ರೆ ಲಿಂಗ ವಿಂಗಡಿಸಿದ ವೀರ್ಯ. ಇದು ಹೇಗೆ ಕೆಲಸ ಮಾಡುತ್ತೆ ಅಂತ ಓದಿದಾಗ ನನಗೆ ನಿಜಕ್ಕೂ ಬೆರಗಾಯ್ತು. ಹೆಣ್ಣು ಹುಟ್ಟಿಸೋ ಎಕ್ಸ್ ವೀರ್ಯಾಣುವಿನಲ್ಲಿ, ಗಂಡು ಹುಟ್ಟಿಸೋ ವೈ ವೀರ್ಯಾಣುವಿಗಿಂತ ಡಿಎನ್‌ಎ ಸುಮಾರು ಶೇ 4ರಷ್ಟು ಜಾಸ್ತಿ. ಅಷ್ಟೇ ವ್ಯತ್ಯಾಸ. ಡಿಎನ್‌ಎಗೆ ಅಂಟೋ ಒಂದು ಬಣ್ಣ ಹಾಕಿ, ಒಂದೊಂದೇ ವೀರ್ಯಾಣುವನ್ನ ಲೇಸರ್ ಮುಂದೆ ಹಾಯಿಸಿದರೆ ಎಕ್ಸ್ ಸ್ವಲ್ಪ ಹೆಚ್ಚು ಹೊಳೆಯುತ್ತೆ. ಮಷೀನ್ ಅದನ್ನ ನೋಡಿ ಹನಿಗೆ ವಿದ್ಯುತ್ ಚಾರ್ಜ್ ಕೊಟ್ಟು ಆ ಕಡೆ ಈ ಕಡೆ ಎಳೆಯುತ್ತೆ. ಹೀಗೆ ವಿಂಗಡಿಸಿದ ಕಡ್ಡಿ ಹಾಕಿಸಿ ನಿಂತ ಗಬ್ಬದಲ್ಲಿ ನೂರಕ್ಕೆ ಸುಮಾರು 90 ಹೆಣ್ಣು. ಆದರೆ ಒಂದು ಕಡ್ಡಿಯಲ್ಲಿ ವೀರ್ಯಾಣು ಸುಮಾರು 20 ಲಕ್ಷ ಮಾತ್ರ, ಮಾಮೂಲಿಯ ಹತ್ತನೇ ಒಂದು ಪಾಲು. ಅದಕ್ಕೇ ಗಬ್ಬ ನಿಲ್ಲೋದು ಸ್ವಲ್ಪ ಕಡಿಮೆ. ರೇಟೂ ಜಾಸ್ತಿ, ಸರಕಾರದ ಸಹಾಯಧನ ಸಿಕ್ಕರೆ ಪರವಾಗಿಲ್ಲ.

ಅಂದ್ರೆ ನೋಡ್ರಿ, ನೂರು ವರ್ಷದ ಹಿಂದೆ ಇದೇ ಭಾಗದಲ್ಲಿ ತಳಿ ಸಂಶೋಧನೆ ಮಾಡಿದ್ದು ಒಳ್ಳೆ ಗಂಡು ಹುಟ್ಟಲಿ ಅಂತ. ಈಗ ಮಾಡ್ತಿರೋದು ಗಂಡು ಹುಟ್ಟದೇ ಇರಲಿ ಅಂತ.

ಇದರ ಹಿಂದೆ ಒಂದು ಕಾಯ್ದೆಯೂ ಇದೆ. 1964ರ ಹಳೇ ಕಾಯ್ದೆಯಲ್ಲಿ ಆಕಳು, ಕರುಗಳಿಗೆ ರಕ್ಷಣೆ ಇತ್ತು. 12 ವರ್ಷ ದಾಟಿದ ಅಥವಾ ದುಡಿಯಲಾಗದ ಎತ್ತನ್ನ ಸರ್ಟಿಫಿಕೇಟ್ ಮೇಲೆ ಕಸಾಯಿಖಾನೆಗೆ ಕೊಡಬಹುದಿತ್ತು. 2020ರ ಕಾಯ್ದೆ ಬಂದ ಮೇಲೆ ಎತ್ತಿಗೂ ಹೋರಿಗೂ ಪೂರ್ತಿ ನಿಷೇಧ, 13 ವರ್ಷ ಮೀರಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ. ಈ ಕಾಯ್ದೆ ಬಗ್ಗೆ ನಿಮ್ಮ ನಿಮ್ಮ ಮನೆಯಲ್ಲಿ ಒಂದೊಂದು ಅಭಿಪ್ರಾಯ ಇರುತ್ತೆ. ಕಾಮೆಂಟಿನಲ್ಲಿ ಜಗಳ ಆಡೋ ವಿಷಯ ಅಂತ ನನಗೆ ಗೊತ್ತು. ನಾನು ಹೇಳೋದು ಕೊಟ್ಟಿಗೆಯ ಲೆಕ್ಕ ಮಾತ್ರ. ಎಚ್‌ಎಫ್ ಗಂಡಿಗೆ ಬೆನ್ನ ಮೇಲೆ ಇಣಿ ಇಲ್ಲ, ಕ್ರಾಸಿನಲ್ಲೂ ಹೆಸರಿಗೆ ಮಾತ್ರ, ನೊಗ ಸರಿಯಾಗಿ ಕೂರಲ್ಲ. ಏಪ್ರಿಲ್ ಬಿಸಿಲಿಗೆ ತೇಗುತ್ತೆ. ಹಾಲು ಕೊಡಲ್ಲ, ಹೊಲ ಉಳಲ್ಲ, ಕೊಳ್ಳೋರಿಲ್ಲ. ಗೆಳೆಯನ ಕಾಕಾ ವ್ಯಾಪಾರ ಬಿಟ್ಟು ಕೂತಿದ್ದಾರೆ, ಕೊಡೋಕೆ ಹೋದ ನಮ್ಮಂಥವರೂ ಕೂತಿದ್ದೀವಿ. ಹೈವೇ ಪಕ್ಕ ಮುಸ್ಸಂಜೆ ಹೊತ್ತಿಗೆ ಒಂಟಿಯಾಗಿ ನಿಂತಿರೋ ಮಚ್ಚೆ ಮೈಯ ಹೋರಿಗರಗಳನ್ನ ನೀವೂ ನೋಡಿರ್ತೀರಿ. ಅವು ತಪ್ಪಿಸಿಕೊಂಡು ಬಂದವಲ್ಲ. ಮೊದಲನೇ ಹೋರಿಗರವನ್ನ ನಾವು ಏನು ಮಾಡಿದೆವು ಅಂತ ಕೇಳಿದ್ರೆ ಅಪ್ಪ ಇವತ್ತಿಗೂ ಮಾತು ಬದಲಿಸ್ತಾನೆ. ನಾನೂ ಒತ್ತಿ ಕೇಳಿಲ್ಲ.

ಹಾಗಾದರೆ ಇಷ್ಟು ದನ ಇಟ್ಟುಕೊಂಡು ಎರಡನೇ, ಮೂರನೇ ಕರವನ್ನ ಮನೆಯಲ್ಲೇ ಸಾಕೋಕೆ ನಮಗೆ ಏನು ಕಾರಣ? ಸಗಣಿ. ನಗಬೇಡಿ.

ನಮ್ಮ ಹಿತ್ತಲಲ್ಲಿ 2 ಘನ ಮೀಟರಿನ ಗೋಬರ್ ಗ್ಯಾಸ್ ಇದೆ, ದೀನಬಂಧು ಮಾದರಿ. ನೆಲದೊಳಗೆ ಇಟ್ಟಿಗೆಯ ಗುಮ್ಮಟ. ಒಂದು ಕಿಲೋ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಬರುತ್ತೆ. ಅಂದ್ರೆ ಇದಕ್ಕೆ ದಿನಕ್ಕೆ 50 ಕಿಲೋ ಬೇಕು, ಅಷ್ಟೇ ನೀರು ಸೇರಿಸಿ ಕಲಸಬೇಕು. ನಾಲ್ಕೈದು ದೊಡ್ಡ ದನ ಇದ್ದರೆ ಸರಿಹೋಗುತ್ತೆ. ಪೂರ್ತಿ ತುಂಬಿದರೆ ತಿಂಗಳಿಗೆ ಒಂದೂವರೆಯಿಂದ ಎರಡು ಸಿಲಿಂಡರಿನಷ್ಟು ಅಡುಗೆ ಆಗುತ್ತೆ. ಚಳಿಗಾಲದಲ್ಲಿ ಕೈ ಕೊಡುತ್ತೆ, ಒಳಗಿನ ಬ್ಯಾಕ್ಟೀರಿಯಾಗೂ ಚಳಿ. ಡಿಸೆಂಬರಿನಲ್ಲಿ ಅವ್ವ ರೊಟ್ಟಿ ಬಡಿಯುವಾಗ ಉರಿ ಸಣ್ಣಗಾದರೆ ನಮ್ಮ ಮನೆಯಲ್ಲಿ ಕ್ಲೀನ್ ಎನರ್ಜಿ ವಿರುದ್ಧ ಸಣ್ಣ ಹೋರಾಟ ನಡೆಯುತ್ತೆ.

ಈ ಲೆಕ್ಕವನ್ನ ಇಡೀ ಊರಿಗೆ ಹಾಕಿ ನೋಡಿದವರು ಒಬ್ಬರಿದ್ದರು. ಪ್ರೊಫೆಸರ್ ಅಮೂಲ್ಯ ರೆಡ್ಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ ಅದು. 1974ರಲ್ಲಿ ‘ಅಸ್ತ್ರ’ ಅಂತ ಒಂದು ವಿಭಾಗ ಕಟ್ಟಿದರು, ಹಳ್ಳಿಗೆ ಬೇಕಾದ ವಿಜ್ಞಾನ ಅಂತ. ಹೊಗೆ ಕಡಿಮೆ ಮಾಡೋ ಅಸ್ತ್ರ ಒಲೆ ನಿಮ್ಮ ಅಜ್ಜಿಯ ಮನೆಯಲ್ಲಿ ಇದ್ದಿರಬಹುದು, ಅದು ಇವರದೇ. ಇವರು ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳಿಗೆ ಹೋದರು. ನೂರರೊಳಗೆ ಮನೆ. ಯಾರು ಎಷ್ಟು ತಾಸು ಸೌದೆಗೆ ಹೋಗ್ತಾರೆ, ಎಷ್ಟು ನೀರು ಹೊರುತ್ತಾರೆ, ಎತ್ತು ಎಷ್ಟು ದುಡಿಯುತ್ತೆ ಅಂತ ಮನೆಮನೆ ಲೆಕ್ಕ ಹಾಕಿದರು. ಮೊದಲ ಯೋಜನೆ, ಊರಿಗೆಲ್ಲ ಒಂದೇ ದೊಡ್ಡ ಗೋಬರ್ ಗ್ಯಾಸ್ ಕಟ್ಟಿ ಎಲ್ಲರ ಅಡುಗೆಗೆ ಗ್ಯಾಸ್ ಕೊಡೋದು. ಅದು ಆಗಲಿಲ್ಲ. ಊರಿನ ಎಲ್ಲ ದನದ ಸಗಣಿ ಸೇರಿಸಿದರೂ ಎಲ್ಲ ಮನೆಯ ಅಡುಗೆಗೆ ಸಾಲಲಿಲ್ಲ.

ಅಲ್ಲಿಗೆ ರಿಪೋರ್ಟ್ ಬರೆದು ವಾಪಸ್ ಹೋಗಬಹುದಿತ್ತು. ಅವರು ಊರಿನವರ ಜೊತೆ ಮತ್ತೆ ಕೂತರು. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯೋ ನೀರು ಮತ್ತೆ ಬೆಳಕು. 1987ರಲ್ಲಿ ಅದೇ ಗ್ಯಾಸನ್ನ ಡೀಸೆಲ್ ಎಂಜಿನ್‌ಗೆ ಕೊಟ್ಟು, ಜನರೇಟರ್ ತಿರುಗಿಸಿ, ಬೋರ್‌ವೆಲ್ ಪಂಪು ಓಡಿಸಿ, ನಲ್ಲಿ ನೀರು, ಮನೆಗಳಿಗೆ ದೀಪ ಕೊಟ್ಟರು. ಮನೆಯವರು ಮುಂಜಾನೆ ಸಗಣಿ ತಂದು ತೂಕ ಮಾಡಿ ಹಾಕಬೇಕು. ತಂದದ್ದಕ್ಕೆ ಕಿಲೋಗೆ 2 ಪೈಸೆ, ಮತ್ತೆ ಅವರ ಪಾಲಿನ ಗೊಬ್ಬರ ವಾಪಸ್. ಎರಡು ಪೈಸೆ ಆಗಲೂ ದೊಡ್ಡ ದುಡ್ಡಲ್ಲ. ಆದರೆ ಸಗಣಿ ಹೊತ್ತು ತರೋದು ಹೆಂಗಸರು, ಮಕ್ಕಳು, ಆ ದುಡ್ಡು ಅವರ ಕೈಗೇ ಬರ್ತಿತ್ತು. ಹಲವು ವರ್ಷ ಇದು ನಡೆಯಿತು. ಜಗತ್ತಿನ ಇಂಧನ ಪಂಡಿತರು ಇವತ್ತಿಗೂ ಪುರದ ಹೆಸರು ಹೇಳ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಎಂಜಿನ್ ಅಲ್ಲ. ಮೊದಲ ಪ್ರಶ್ನೆ ತಪ್ಪಾಗಿತ್ತು ಅಂತ ಒಪ್ಪಿಕೊಂಡು ಎರಡನೇ ಪ್ರಶ್ನೆ ಕೇಳಿದ್ದು.

ಒಂದು ತಕರಾರು ಬರುತ್ತೆ, ನನಗೇ ಬಂದಿದೆ. ದನ ಮೆಲುಕು ಹಾಕುವಾಗ ತೇಗಿನಲ್ಲಿ ಮೀಥೇನ್ ಬಿಡುತ್ತೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನ ಬಿಸಿ ಮಾಡೋ ಅನಿಲ ಅದು. ಗೋಬರ್ ಗ್ಯಾಸು ಸಗಣಿಯ ಮೀಥೇನನ್ನ ಹಿಡಿದು ಸುಡುತ್ತೆ, ಬಾಯಿಂದ ಹೋಗೋದನ್ನ ಹಿಡಿಯಲ್ಲ. ಹಾಗಾಗಿ ದನ ಇದ್ದಷ್ಟೂ ಪರಿಸರಕ್ಕೆ ಒಳ್ಳೇದು ಅಂತ ನಾನು ಹೇಳ್ತಾ ಇಲ್ಲ. ಇರೋ ದನದಿಂದ ಏನು ಬೇಕು ಅಂತ ನಿರ್ಧಾರ ಮಾಡೋರು ಯಾರು ಅಂತ ಕೇಳ್ತಾ ಇದ್ದೀನಿ. ಯಾಕಂದ್ರೆ ನಮ್ಮ ಮನೆಯಲ್ಲಿ ಕಳೆದ ತಿಂಗಳು ಇದೇ ಪ್ರಶ್ನೆ ಬಂತು.

ನಮ್ಮಲ್ಲಿ ಒಂದು ಮುದಿ ಖಿಲಾರಿ ಆಕಳಿದೆ. ಈಗ ಕೊಟ್ಟಿಗೆಯಲ್ಲಿರೋ ಕೊನೆಯ ಜೋಡಿ ಎತ್ತಿನ ತಾಯಿ. ಆ ಎತ್ತುಗಳಿಗೂ ವಯಸ್ಸಾಯ್ತು, ಈಗ ಎಡೆ ಹೊಡೆಯೋಕೆ, ಕಬ್ಬಿನ ಸಾಲಿಗೆ ಮಣ್ಣು ಏರಿಸೋಕೆ, ಟ್ರ್ಯಾಕ್ಟರ್ ಹೋಗದ ಕಡೆ ಮಾತ್ರ. ಎರಡು ವರ್ಷದಿಂದ ಬೆದೆಗೆ ಬಾರದ ಆ ಆಕಳು ಒಂದು ಮುಂಜಾನೆ ಒದರೋಕೆ ಶುರು ಮಾಡಿತು. ಅಪ್ಪ ಗೆಳೆಯನಿಗೆ ಫೋನ್ ಮಾಡಿದ. ಸಂಜೆ ಬಂದ. ಮುಚ್ಚಳ ತೆಗೆದ, ಹೊಗೆ ಬಂತು. ಅಪ್ಪ ಹೇಳಿದ, ‘ತಮ್ಮಾ, ಖಿಲಾರಿದs ಹಾಕು.’

ಕ್ಯಾನಿನಲ್ಲಿ ಖಿಲಾರಿ ಇರಲಿಲ್ಲ. ಎಚ್‌ಎಫ್ ಇತ್ತು, ಜರ್ಸಿ ಇತ್ತು, ಮುರ್ರಾ ಕೋಣದ್ದು ಇತ್ತು. ‘ಕಾಕಾ, ಅದನ್ನ ಯಾರೂ ಕೇಳೂದಿಲ್ಲ. ಮೊದಲs ಹೇಳಿದ್ರ ತರಿಸಬೇಕು.’ ತಪ್ಪು ಅವನದಲ್ಲ. ಕ್ಯಾನಿನಲ್ಲಿ ಜಾಗ ಇರೋದೇ ಇಷ್ಟು, ಕೇಳೋದನ್ನ ಇಟ್ಟುಕೊಳ್ತಾನೆ. ಪುಸ್ತಕದಲ್ಲಿ ಕರ್ನಾಟಕದ ದೇಸಿ ತಳಿ ಅಂತ ಪಟ್ಟಿ ಇದೆ: ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕೃಷ್ಣಾ ವ್ಯಾಲಿ, ದೇವಣಿ, ಮಲೆನಾಡು ಗಿಡ್ಡ. ಕೇಂದ್ರ ಸರಕಾರದ ಗೋಕುಲ್ ಮಿಷನ್ 2014ರಿಂದ ಇದೆ, 2024ರಲ್ಲಿ ದೇಸಿ ದನದ ಡಿಎನ್‌ಎ ಓದೋ ‘ಗೌ ಚಿಪ್’ ಕೂಡ ಬಂತು. ಎಲ್ಲ ನಿಜ. ಆದರೆ ಆ ಸಂಜೆ ನಮ್ಮ ಕೊಟ್ಟಿಗೆಯಲ್ಲಿ ಒಂದು ತಳಿ ಮುಂದುವರಿಯೋದೋ ನಿಲ್ಲೋದೋ ಅನ್ನೋದು ಒಂದು ಬೈಕಿನ ಹಿಂದಿನ ಕ್ಯಾನಿನಲ್ಲಿ ಯಾವ ಕಡ್ಡಿ ಇದೆ ಅನ್ನೋದರ ಮೇಲೆ ನಿಂತಿತ್ತು.

‘ಜರ್ಸಿ ಹಾಕ್ಲಿ?’ ಅಂದ. ಅಪ್ಪ ಆಕಳಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ‘ಬ್ಯಾಡ ಬಿಡು’ ಅಂದ.

ನಾನು ರೇಗಿದೆ. ಆಕಳಿಗೆ ವಯಸ್ಸಾಗಿದೆ, ಮತ್ತೆ ಬೆದೆಗೆ ಬರುತ್ತೋ ಇಲ್ಲವೋ, ಜರ್ಸಿ ಆದರೆ ಹಾಲಾದರೂ ಬರುತ್ತಲ್ಲ ಅಂತ. ಅಪ್ಪ ಉತ್ತರ ಕೊಡಲಿಲ್ಲ. ಕ್ಯಾಲೆಂಡರಿನಲ್ಲಿ 21 ದಿನ ಎಣಿಸಿ ಪೆನ್ನಿನಿಂದ ಗುಂಡು ಸುತ್ತಿದ. ಆಕಳ ಬೆದೆಯ ಚಕ್ರ 21 ದಿನ. ಗೆಳೆಯ ಎರಡು ಮೂರು ಕಡೆ ಫೋನ್ ಮಾಡಿ, ಹೇಗೋ ಒಂದು ಖಿಲಾರಿ ಕಡ್ಡಿ ತರಿಸಿ ಇಟ್ಟುಕೊಂಡ.

ಮೊನ್ನೆ ಭಾನುವಾರಕ್ಕೆ 21. ಬರಲಿಲ್ಲ. ಸೋಮವಾರ ಬರಲಿಲ್ಲ. ಮಂಗಳವಾರ ಮುಂಜಾನೆ ಐದಕ್ಕೆ ಒದರಿತು. ಸಂಜೆ ಗೆಳೆಯ ಬಂದ, ‘ನೀರು ಕುಡಿಸೀರೇನ್ರಿ?’ ಅಂತ ಕೇಳಿದ, ಕಡ್ಡಿ ತೆಗೆದು ಟಾರ್ಚ್ ಬೆಳಕಲ್ಲಿ ಹೆಸರು ಓದಿ ತೋರಿಸಿದ. ಆಮೇಲೆ ಕೇಳಿದ, ‘ಕಾಕಾ, ಇದು ವಿಂಗಡಿಸಿದ್ದಲ್ಲ. ಗಂಡೂ ಆಗಬಹುದು. ನಡೀತೈತಿ?’

‘ಗಂಡ ಆಗ್ಲಿ’ ಅಂದ ಅಪ್ಪ. ‘ಕಾರಹುಣ್ಣಿವಿಗೆ ಓಡಸೂನು.’

ಗಬ್ಬ ನಿಂತಿದೆಯೋ ಇಲ್ಲವೋ ಅಂತ ಮೂರು ತಿಂಗಳಾದ ಮೇಲೆ ಕೈ ಹಾಕಿ ನೋಡ್ತಾರೆ. ನಿಂತರೆ ಸುಮಾರು 280 ದಿನ. ಈ ಸಂಚಿಕೆ ಕೇಳ್ತಿರೋ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರು ನಿಮ್ಮ ಮನೆಯಲ್ಲಿ ಇನ್ನೂ ಖಿಲಾರಿ ಅಥವಾ ಕೃಷ್ಣಾ ವ್ಯಾಲಿ ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ, ಫೋಟೋನೂ ಕಳಿಸಿ. ನಿಮ್ಮ ಕಡೆ ಬರೋ ಕ್ಯಾನಿನಲ್ಲಿ ಏನೇನಿದೆ ಅಂತಾನೂ ಒಮ್ಮೆ ಕೇಳಿ ನೋಡಿ.

ಹಾಂ, ಆ ಎಚ್‌ಎಫ್ ಹೋರಿಗರ ಇಲ್ಲೇ ಇದೆ. ಈಗ ನನ್ನ ಮೈಕಿನ ವೈರು ನೆಕ್ತಾ ಇದೆ. ಅದರ ಲೆಕ್ಕ ನಮ್ಮ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ. ಬರ್ತೀನ್ರಿ.